ಬೀಡು ಬಿಡುವುದು, ಬಿಟ್ಟು ನಡೆಯುವುದು

ಕನ್ನಡದಲ್ಲಿ 'ಬೀಡು' ಎಂಬುದೊಂದು ಹಳೆಯ ಮಾತು. ದಂಡು ಇಳಿದುಕೊಂಡ ಬಯಲು ಬೀಡು. ವ್ಯಾಪಾರಿಗಳು ಎತ್ತುಗಳ ಮೇಲಿನ ಹೇರನ್ನಿಳಿಸಿ ಇರುಳು ಕಳೆದ ತೋಪೂ ಬೀಡು. ಶಾಸನಗಳಲ್ಲಿ ಅರಸನ ರಾಜಧಾನಿಯನ್ನು 'ನೆಲೆವೀಡು' ಎಂದು ಕರೆದಿದ್ದಾರೆ. ಬೀಡಿಗೆ 'ನೆಲೆ' ಎಂಬುದನ್ನು ಬೇರೆಯಾಗಿ ಸೇರಿಸಬೇಕಾಯಿತೆಂದರೆ, ಬರಿಯ ಬೀಡಿಗೆ ನೆಲೆಯಿಲ್ಲವೆಂಬ ತಿಳಿವಳಿಕೆ ಆ ಮಾತಿನಲ್ಲಿಯೇ ಅಡಗಿತ್ತೆಂದಾಯಿತು. ಈ ಪದದ ಬೇರು 'ಬಿಡು' ಎಂಬ ಧಾತು. ತಮಿಳಿನ 'ವೀಡು' ಇದರ ಒಡಹುಟ್ಟು. ಅಲ್ಲಿ ಅದಕ್ಕೆ ಮನೆಯೆಂಬ ಅರ್ಥವೂ ಉಂಟು, ಮೋಕ್ಷವೆಂಬ ಅರ್ಥವೂ ಉಂಟು. ತಂಗುವುದು ಮತ್ತು ತೊರೆಯುವುದು ಎಂಬ ಎರಡು ಎದುರುಬದುರಾದ ಕೆಲಸಗಳನ್ನು ನಮ್ಮ ಹಿರಿಯರು ಒಂದೇ ಮಾತಿನಿಂದ ಹೇಳಿದರು.

ಪದದ ಈ ಗುಟ್ಟು ನನಗೆ ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಅದನ್ನು ತರಗತಿಯಲ್ಲಿ ಹೇಳಿಯೂ ಇದ್ದೆ. ಆದರೆ ಅದನ್ನು ಜನ ಬಾಳಿನಲ್ಲಿ ಆಚರಿಸುವುದನ್ನು ಕಂಡದ್ದು ಮಾತ್ರ ದೂರದ ಅಮೆರಿಕದಲ್ಲಿ. ಅಲ್ಲಿ 'ಡಿಸ್ಪರ್ಸ್ಡ್ ಕ್ಯಾಂಪಿಂಗ್' ಎಂಬುದೊಂದು ಪದ್ಧತಿ ಇದೆ. ನಾನದನ್ನು 'ಚದುರಿದ ಬೀಡು' ಎಂದು ಕರೆಯುತ್ತೇನೆ. ಕಾಡಿನಲ್ಲಿ ಸರಕಾರ ಏರ್ಪಡಿಸಿದ ಶಿಬಿರಸ್ಥಾನಗಳನ್ನು ಬಿಟ್ಟು, ಜನವಸತಿಯಿಂದ ದೂರವಾಗಿ, ಒಬ್ಬರಿಂದೊಬ್ಬರು ಚದುರಿ, ತಮಗೆ ತೋರಿದಲ್ಲಿ ಡೇರೆ ಹಾಕಿ ಒಂದೆರಡು ರಾತ್ರಿ ಇದ್ದು ಬರುವುದು ಈ ಪದ್ಧತಿ. ಅಲ್ಲಿ ನಲ್ಲಿಯಿಲ್ಲ, ಶೌಚಗೃಹವಿಲ್ಲ, ಮೇಜು ಕುರ್ಚಿಗಳಿಲ್ಲ, ಕಸದ ತೊಟ್ಟಿಯಿಲ್ಲ, ಕಾವಲುಗಾರನೂ ಇಲ್ಲ. ಸಾಮಾನ್ಯವಾಗಿ ಶುಲ್ಕವೂ ಇಲ್ಲ. ಏನೂ ಇಲ್ಲದಿರುವುದೇ ಅದರ ಸೌಕರ್ಯ.

ಇಂಥ ಅವಕಾಶವಿರುವುದು ಮುಖ್ಯವಾಗಿ ಅಲ್ಲಿಯ ರಾಷ್ಟ್ರೀಯ ಅರಣ್ಯಗಳಲ್ಲಿ. ೧೮೯೧ರ ಕಾನೂನೊಂದರಿಂದ ಆರಂಭವಾದ ಈ ಕಾಯ್ದಿಟ್ಟ ಅರಣ್ಯಗಳು ೧೯೦೫ರಲ್ಲಿ ಕೃಷಿ ಇಲಾಖೆಗೆ ಸೇರಿದ ಅರಣ್ಯ ಸೇವೆಯ ಆಡಳಿತಕ್ಕೆ ಬಂದವು. ಇಂದು ಅವುಗಳ ಒಟ್ಟು ವಿಸ್ತಾರ ಸುಮಾರು ೧೯.೩ ಕೋಟಿ ಎಕರೆ. ಎಂದರೆ ನಮ್ಮ ಇಡೀ ಕರ್ನಾಟಕದ ಸುಮಾರು ನಾಲ್ಕು ಪಟ್ಟು. ಇದು ಯಾವ ಶ್ರೀಮಂತನ ಸೊತ್ತೂ ಅಲ್ಲ, ಪ್ರಜೆಗಳೆಲ್ಲರ ಸೊತ್ತು ಎಂಬುದು ಅಲ್ಲಿಯ ಜನರ ಭಾವನೆ. ಸೊತ್ತು ನನ್ನದಾದ ಮೇಲೆ ಅದರಲ್ಲಿ ಒಂದು ರಾತ್ರಿ ಮಲಗಿ ಏಳಲು ಅಪ್ಪಣೆ ಏಕೆ ಬೇಕು ಎಂಬ ಪ್ರಶ್ನೆಯಿಂದ ಈ ಪದ್ಧತಿ ಹುಟ್ಟುತ್ತದೆ. ಆದರೆ ಅದೇ ಸೊತ್ತು ಇನ್ನೊಬ್ಬನದೂ ಹೌದಲ್ಲ ಎಂಬ ಎರಡನೆಯ ಪ್ರಶ್ನೆಯಿಂದ ಅದರ ನಿಯಮಗಳು ಹುಟ್ಟುತ್ತವೆ.

ಏರ್ಪಡಿಸಿದ ಶಿಬಿರಸ್ಥಾನಗಳು ಹುಟ್ಟಿದ ಕಥೆಯನ್ನು ಮೊದಲು ಹೇಳಬೇಕು. ಮೋಟಾರು ಬಂಡಿ ಜನಸಾಮಾನ್ಯರ ಕೈಗೆ ಸಿಕ್ಕಿದ ಮೇಲೆ ಅಮೆರಿಕದ ಸಂಸಾರಗಳು ಕಾಡಿನತ್ತ ನುಗ್ಗಿದವು. ಬಂಡಿ ಎಲ್ಲಿಯವರೆಗೆ ಹೋದೀತೋ ಅಲ್ಲಿಯವರೆಗೆ ಹೋಗಿ, ದೊಡ್ಡ ಮರಗಳ ಬುಡದಲ್ಲೇ ಡೇರೆ ಹಾಕಿದರು. ಸಸ್ಯರೋಗತಜ್ಞ ಎಮಿಲಿಯೊ ಮೈನೆಕೆ ಎಂಬಾತ ಕ್ಯಾಲಿಫೋರ್ನಿಯದ ಕಾಡುಗಳಲ್ಲಿ ಇದರ ಪರಿಣಾಮವನ್ನು ಗಮನಿಸಿದ. ಸಾವಿರಾರು ಕಾಲುಗಳೂ ಚಕ್ರಗಳೂ ತುಳಿದು ಮಣ್ಣು ಗಟ್ಟಿಯಾಗಿತ್ತು. ನೆಲದೊಳಕ್ಕೆ ನೀರೂ ಗಾಳಿಯೂ ಇಳಿಯುತ್ತಿರಲಿಲ್ಲ. ಮರಗಳು ಬೇರಿನಿಂದ ಸೊರಗುತ್ತಿದ್ದವು. ಮರದ ನೆರಳನ್ನು ಪ್ರೀತಿಸಿ ಬಂದವರೇ ಮರವನ್ನು ಕೊಲ್ಲುತ್ತಿದ್ದರು. ೧೯೩೨ರಲ್ಲಿ ಆತ ಒಂದು ಪರಿಹಾರವನ್ನು ಮುಂದಿಟ್ಟ. ಒಂದೇ ದಿಕ್ಕಿನಲ್ಲಿ ಸುತ್ತಿ ಬರುವ ದಾರಿ, ದಾರಿಯ ಪಕ್ಕದಲ್ಲಿ ಬಂಡಿಗೆ ಗೊತ್ತಾದ ಜಾಗ, ಚಕ್ರ ದಾಟದಂತೆ ಬಂಡೆಗಲ್ಲುಗಳ ತಡೆ, ಅಲುಗದ ಮೇಜು, ಅಲುಗದ ಒಲೆ. ಮುಂದೆ ದೇಶದ ತುಂಬ ಶಿಬಿರಸ್ಥಾನಗಳು ಈ ಮಾದರಿಯಲ್ಲಿಯೇ ರೂಪುಗೊಂಡವು. ಕೊಂಚ ನೆಲವನ್ನು ಬಲಿಗೊಟ್ಟು ಉಳಿದ ಕಾಡನ್ನು ಉಳಿಸುವ ಲೆಕ್ಕಾಚಾರ ಇದು.

ಚದುರಿದ ಬೀಡಿನ ಲೆಕ್ಕಾಚಾರ ಇದಕ್ಕೆ ನೇರವಾಗಿ ಎದುರು. ಇಲ್ಲಿ ಯಾವ ನೆಲವನ್ನೂ ಬಲಿಗೊಡುವಂತಿಲ್ಲ. ಬಂಡೆಗಲ್ಲಿನ ತಡೆ ಮಾಡುತ್ತಿದ್ದ ಕೆಲಸವನ್ನು ಬಂದವನ ವಿವೇಕವೇ ಮಾಡಬೇಕು. ಹಳ್ಳ, ಕೆರೆಗಳಿಂದ ೨೦೦ ಅಡಿ, ಎಂದರೆ ಸುಮಾರು ಎಪ್ಪತ್ತು ಹೆಜ್ಜೆ ದೂರದಲ್ಲಿ ಡೇರೆ ಹಾಕಬೇಕು ಎಂಬುದು ಸಾಮಾನ್ಯವಾಗಿ ಹೇಳುವ ಮಾತು. ನೀರಿನ ದಂಡೆಯ ನೆಲ ಮೆತು; ಬೇಗ ಹಾಳಾಗುತ್ತದೆ. ಅಷ್ಟೇ ಅಲ್ಲ, ಅದು ಕಾಡುಪ್ರಾಣಿಗಳು ನೀರಿಗೆ ಬರುವ ಹಾದಿ. ಮನುಷ್ಯ ಅಲ್ಲಿ ಮಲಗಿದರೆ ಅವು ಬಾಯಾರಿ ಹಿಂದಿರುಗಬೇಕು. ಪಾತ್ರೆ ತೊಳೆದ ನೀರನ್ನು ಹಳ್ಳಕ್ಕೆ ಸುರಿಯದೆ, ಅಷ್ಟೇ ದೂರದಲ್ಲಿ ನೆಲದ ಮೇಲೆ ಚೆಲ್ಲಬೇಕು. ಬಹಿರ್ದೆಸೆಗೆ ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ ಮುಚ್ಚಬೇಕು. ಮಣ್ಣಿನಲ್ಲಿ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳು ಹೆಚ್ಚಾಗಿರುವುದು ಈ ಮೇಲುಪದರದಲ್ಲಿಯೇ. ತಂದ ವಸ್ತುವೆಲ್ಲ, ಕಿತ್ತಳೆಯ ಸಿಪ್ಪೆಯೂ ಸೇರಿ, ಹಿಂದಕ್ಕೆ ಹೋಗಬೇಕು.

ಆಹಾರವನ್ನು ಡೇರೆಯೊಳಗೆ ಇಟ್ಟುಕೊಳ್ಳುವಂತಿಲ್ಲ. ಕರಡಿಗಳಿರುವ ಕಾಡುಗಳಲ್ಲಿ ಅದನ್ನು ಗಟ್ಟಿಯಾದ ಡಬ್ಬದಲ್ಲಿ ಮುಚ್ಚಿಡಬೇಕು, ಇಲ್ಲವೆ ಮರದ ಕೊಂಬೆಗೆ ಎತ್ತರದಲ್ಲಿ ತೂಗಿಹಾಕಬೇಕು. ಇದು ಮನುಷ್ಯನ ರಕ್ಷಣೆಗೆ ಮಾತ್ರವಲ್ಲ, ಕರಡಿಯ ರಕ್ಷಣೆಗೂ ಹೌದು. ಮನುಷ್ಯರ ಬುತ್ತಿಯ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಅದನ್ನು ಗುಂಡಿಟ್ಟು ಕೊಲ್ಲಬೇಕಾಗುತ್ತದೆ. ಇನ್ನು ಕಾಲದ ಮಿತಿ: ಬಹುಮಟ್ಟಿನ ಅರಣ್ಯಗಳಲ್ಲಿ ಒಂದೆಡೆ ೧೪ ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಹದಿನೈದನೆಯ ದಿನಕ್ಕೆ ಬೀಡು ಮನೆಯಾಗತೊಡಗುತ್ತದೆ. ಮನೆಯಾದ ಮೇಲೆ ಬೇಲಿ ಬರುತ್ತದೆ, ಬೇಲಿಯಾದ ಮೇಲೆ 'ನನ್ನದು' ಎಂಬ ಮಾತು ಬರುತ್ತದೆ. ಆ ಮಾತು ಹುಟ್ಟುವ ಮೊದಲೇ ಎದ್ದು ನಡೆಯಬೇಕು.

ನನ್ನ ಮಗಳ ಸಂಸಾರ ಅರಿಜೋನದಲ್ಲಿದೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದಾಗ, ಅಕ್ಟೋಬರ್ ತಿಂಗಳಲ್ಲಿ, ಅವರೊಡನೆ ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯದ ಹೀಲಾ ರಾಷ್ಟ್ರೀಯ ಅರಣ್ಯದಲ್ಲಿ ಎರಡು ರಾತ್ರಿ ಕಳೆದೆ. ಸಿಲ್ವರ್ ಸಿಟಿ ಎಂಬ ಊರಿನ ಅರಣ್ಯ ಕಚೇರಿಯಲ್ಲಿ ಅಳಿಯಂದಿರು ಒಂದು ನಕ್ಷೆ ತೆಗೆದುಕೊಂಡರು. ಬಂಡಿ ಹೋಗಬಹುದಾದ ದಾರಿಗಳಾವುವು, ದಾರಿಯಿಂದ ಎಷ್ಟು ದೂರ ಸರಿಯಬಹುದು ಎಂಬುದಷ್ಟೇ ಅದರಲ್ಲಿತ್ತು. ಎಲ್ಲಿ ಮಲಗಬೇಕೆಂದು ಹೇಳುವವರು ಯಾರೂ ಇರಲಿಲ್ಲ. ಮಣ್ಣುದಾರಿಯ ಕೊನೆಯಲ್ಲಿ ಪಾಂಡೆರೋಸ ಎಂಬ ಜಾತಿಯ ಎತ್ತರದ ಪೈನ್ ಮರಗಳ ನಡುವೆ, ಹಿಂದೆ ಯಾರೋ ತಂಗಿದ್ದ ಬರಿನೆಲವೊಂದನ್ನು ಆರಿಸಿದೆವು. ಹೊಸ ಹುಲ್ಲನ್ನು ತುಳಿಯುವುದಕ್ಕಿಂತ ಆಗಲೇ ಸವೆದ ಜಾಗವೇ ಮೇಲು ಎಂದು ಮಗಳು ಹೇಳಿದಳು. ಕುಡಿಯುವ ನೀರೆಲ್ಲ ಮನೆಯಿಂದ ತಂದದ್ದು. ರಾತ್ರಿ ಕೊರೆಯುವ ಚಳಿ. ದೂರದಲ್ಲಿ ಕಯೋಟಿಗಳ ಕೂಗು. ಮರಗಳ ತುದಿಯಲ್ಲಿ ನಾನು ಬಾಲ್ಯದಲ್ಲಿ ಕಂಡಿದ್ದಷ್ಟು ನಕ್ಷತ್ರಗಳು.

ಹೊರಡುವ ದಿನ ಬೆಳಿಗ್ಗೆ ನಡೆದ ಕೆಲಸವನ್ನು ನಾನು ಕುತೂಹಲದಿಂದ ನೋಡಿದೆ. ಅಳಿಯಂದಿರು ಬೆಂಕಿಯ ಮೇಲೆ ನೀರು ಸುರಿದರು, ಸನಿಕೆಯಿಂದ ಬೂದಿಯನ್ನು ಕಲಕಿದರು, ಮತ್ತೆ ಸುರಿದರು. ಕೊನೆಗೆ ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ತಂದು, ಆಮೇಲೆ ಮುಟ್ಟಿ ನೋಡಿದರು. ಕೈಗೆ ಬಿಸಿ ತಾಗಿದರೆ ಬಿಟ್ಟು ಹೊರಡುವಂತಿಲ್ಲ. ಮಗಳು ನೆಲದ ಮೇಲೆ ಬಗ್ಗಿ ಒಂದೊಂದೇ ಕಸವನ್ನು ಆರಿಸಿ ಚೀಲಕ್ಕೆ ತುಂಬಿದಳು. ನಮ್ಮದಲ್ಲದ ಎರಡು ಡಬ್ಬದ ಮುಚ್ಚಳಗಳೂ ಆ ಚೀಲಕ್ಕೆ ಸೇರಿದವು. ಮೊಮ್ಮಗಳು ಡೇರೆಯಿದ್ದ ಜಾಗದಲ್ಲಿ ಪೈನ್ ಎಲೆಗಳನ್ನು ಹರಡುತ್ತಾ, "ತಾತ, ನಾವಿಲ್ಲಿದ್ವಿ ಅಂತ ಯಾರಿಗೂ ಗೊತ್ತಾಗೋದೇ ಇಲ್ವಾ?" ಎಂದು ಕೇಳಿತು. ಅದರ ದನಿಯಲ್ಲಿ ಸ್ವಲ್ಪ ಬೇಸರವಿತ್ತು. ಬಂಡೆಗಳ ಮೇಲೂ ಗುಡಿಯ ಕಂಬಗಳ ಮೇಲೂ ಹೆಸರು ಕೆತ್ತುವ ಮನುಷ್ಯಸ್ವಭಾವಕ್ಕೆ ಈ ಬೇಸರ ಸಹಜವೇ. "ಗೊತ್ತಾಗಬಾರದಮ್ಮ" ಎಂದಷ್ಟೇ ಹೇಳಿದೆ.

ಹಿಂದೆ ಯಾರೋ ತಂಗಿದ್ದ ಜಾಗವನ್ನೇ ಆರಿಸಬೇಕೆಂಬ ಮಾತಿನ ಹಿಂದೆ ಗಟ್ಟಿಯಾದ ಸಂಶೋಧನೆಯಿದೆ. ಡೇವಿಡ್ ಕೋಲ್ ಎಂಬ ವಿಜ್ಞಾನಿ ಆರೆಗನ್ ರಾಜ್ಯದ ಈಗಲ್ ಕ್ಯಾಪ್ ಅರಣ್ಯದ ಬೀಡುದಾಣಗಳನ್ನು ೧೯೭೯ರಿಂದ ಮೊದಲುಗೊಂಡು ವರ್ಷಗಳ ಕಾಲ ಅಳೆದು ನೋಡಿದರು. ಇಂಥ ಅಧ್ಯಯನಗಳಿಂದ ತಿಳಿದುಬಂದ ಸಂಗತಿ ಆಶ್ಚರ್ಯಕರವಾದುದು. ಹತ್ತು ಜನ ತಂಗಿದರೆ ಒಬ್ಬ ತಂಗಿದ್ದರ ಹತ್ತರಷ್ಟು ಹಾನಿ ಎಂದು ನಾವು ಎಣಿಸುತ್ತೇವೆ. ಆದರೆ ಹಾನಿ ಹಾಗೆ ಏರುವುದಿಲ್ಲ. ಹೊಸ ನೆಲದಲ್ಲಿ ಮೊದಲ ಕೆಲವು ರಾತ್ರಿಗಳೇ ಹೆಚ್ಚಿನ ಹಾನಿಯನ್ನು ಮಾಡಿಬಿಡುತ್ತವೆ. ಆಮೇಲೆ ಬಂದವರು ಸೇರಿಸುವುದು ಸ್ವಲ್ಪ. ಕೆಡಲು ಕೆಲವೇ ರಾತ್ರಿ ಸಾಕಾದ ನೆಲಕ್ಕೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಆದುದರಿಂದ ಜನ ಹೆಚ್ಚಾಗಿ ಬರುವಲ್ಲಿ ಸವೆದ ಜಾಗದಲ್ಲಿಯೇ ಒಟ್ಟಾಗಿ ತಂಗಬೇಕು. ಯಾರೂ ಬಾರದ ದೂರದ ಕಾಡಿನಲ್ಲಾದರೆ ಒಂದು ರಾತ್ರಿಯಿದ್ದು, ಎರಡನೆಯ ಬಾರಿ ಯಾರೂ ಅಲ್ಲಿ ತಂಗದಂತೆ ಗುರುತಳಿಸಿ ಹೋಗಬೇಕು. 'ನಾನೊಬ್ಬನೇ ತಾನೆ' ಎಂಬ ಸಮಾಧಾನದ ಮಾತಿಗೆ ಇಲ್ಲಿ ಆಧಾರವಿಲ್ಲ. ಮೊದಲು ಬಂದ ಒಬ್ಬನೇ ಎಲ್ಲರಿಗಿಂತ ಹೆಚ್ಚು ಜವಾಬ್ದಾರ.

ಒಬ್ಬಿಬ್ಬರಿಂದ ಏನಾದೀತು ಎಂಬುದಕ್ಕೆ ೨೦೧೧ರ ಒಂದು ಘಟನೆ ಸಾಕು. ಹೀಲಾದ ನೆರೆಯಲ್ಲೇ, ಅರಿಜೋನದ ಬೇರ್ ವಾಲೋ ಎಂಬ ಕಾಡಿನಲ್ಲಿ, ಮೇ ತಿಂಗಳ ಕೊನೆಯಲ್ಲಿ ಇಬ್ಬರು ಬೀಡು ಬಿಟ್ಟಿದ್ದರು. ಅವರು ಒಲೆಯನ್ನು ಬಿಟ್ಟು ತಿರುಗಾಡಲು ಹೋದರು. ಆರಿತೆಂದುಕೊಂಡಿದ್ದ ಬೆಂಕಿ ಆರಿರಲಿಲ್ಲ. ಆ ಪ್ರಾಂತದಲ್ಲಿ ಮಳೆ ಬರುವುದು ಜುಲೈಯಲ್ಲಿ. ಅಲ್ಲಿಯವರು ಅದನ್ನು ನಮ್ಮಂತೆಯೇ ಮಾನ್ಸೂನ್ ಎನ್ನುತ್ತಾರೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಕಾಡು ಒಣಗಿ ಗರಿಗರಿಯಾಗಿರುತ್ತದೆ, ಗಾಳಿಯೂ ಜೋರು. ವಾಲೋ ಬೆಂಕಿ ಎಂದು ಹೆಸರಾದ ಆ ಕಿಚ್ಚು ಹತೋಟಿಗೆ ಬರುವಷ್ಟರಲ್ಲಿ ಒಂದು ತಿಂಗಳು ಮೀರಿತ್ತು. ೫,೩೮,೦೦೦ ಎಕರೆ ಸುಟ್ಟಿತ್ತು. ಅದು ಸರಿಸುಮಾರು ನಮ್ಮ ಬೆಂಗಳೂರು ನಗರ ಜಿಲ್ಲೆಯಷ್ಟು ವಿಸ್ತಾರ. ಅರಿಜೋನದ ದಾಖಲೆಗಳಲ್ಲಿ ಅದಕ್ಕಿಂತ ದೊಡ್ಡ ಕಾಡ್ಗಿಚ್ಚಿಲ್ಲ. ಆ ಇಬ್ಬರೂ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು. ಅವರು ದುಷ್ಟರಲ್ಲ, ಕಾಡನ್ನು ದ್ವೇಷಿಸಿದವರೂ ಅಲ್ಲ. ಕೈಯಿಟ್ಟು ಬೂದಿಯ ಬಿಸಿಯನ್ನು ನೋಡುವ ಆ ಸಣ್ಣ ಕೆಲಸಕ್ಕೆ ಎಷ್ಟು ಬೆಲೆಯಿದೆಯೆಂಬುದು ಇಂಥಲ್ಲಿ ತಿಳಿಯುತ್ತದೆ.

ಹೀಲಾ ಅರಣ್ಯಕ್ಕೆ ಈ ಚರಿತ್ರೆಯಲ್ಲಿ ವಿಶೇಷ ಸ್ಥಾನವುಂಟು. ಅರಣ್ಯ ಸೇವೆಯಲ್ಲಿದ್ದ ಆಲ್ಡೊ ಲಿಯೊಪೋಲ್ಡ್ ಎಂಬಾತನ ಒತ್ತಾಯದಿಂದ ೧೯೨೪ರಲ್ಲಿ ಅದರ ಒಂದು ದೊಡ್ಡ ಭಾಗವನ್ನು ರಸ್ತೆಗಳಿಲ್ಲದ ಕಾಡಾಗಿಯೇ ಉಳಿಸಬೇಕೆಂದು ತೀರ್ಮಾನವಾಯಿತು. ಹೀಗೆ ಕಾಯ್ದಿರಿಸಿದ ಕಾಡುಗಳಲ್ಲಿ ಅದೇ ಮೊದಲನೆಯದು. ೧೯೬೪ರಲ್ಲಿ ಇಂಥ ಕಾಡುಗಳಿಗೆಂದೇ ದೇಶದ ಕಾನೂನು ಬಂತು. ಅದರ ಕರಡನ್ನು ಬರೆದ ಹೊವರ್ಡ್ ಜಾನೈಸರ್ ಕಾಡನ್ನು ಬಣ್ಣಿಸಲು 'ಅನ್‌ಟ್ರ್ಯಾಮಲ್ಡ್' ಎಂಬ ಅಪರೂಪದ ಪದವನ್ನು ಆರಿಸಿದರು. ಅದನ್ನು 'ಯಾರೂ ತುಳಿಯದ' ಎಂಬರ್ಥದ ಬೇರೊಂದು ಪದವೆಂದು ಓದಿಕೊಳ್ಳುವವರು ಬಹಳ. ಆದರೆ ಈ ಪದದ ಮೂಲದಲ್ಲಿರುವುದು ಕಾಲಲ್ಲ, ಬಲೆ. ಬಲೆ ಬೀಸದ, ಕಟ್ಟಿಹಾಕದ ನೆಲ ಎಂಬುದು ಅದರ ಸರಿಯಾದ ಅರ್ಥ. ತುಳಿಯುವುದು ತಪ್ಪಲ್ಲ, ಕಟ್ಟಿಹಾಕುವುದು ತಪ್ಪು. ಮನುಷ್ಯ ಅಲ್ಲಿಗೆ ಅತಿಥಿಯಾಗಿ ಬರಬಹುದು, ಉಳಿಯುವಂತಿಲ್ಲ ಎಂದು ಆ ಕಾನೂನು ಭಾವಿಸುತ್ತದೆ. ಅದಕ್ಕೆ ಅಂಕಿತ ಬೀಳುವ ನಾಲ್ಕು ತಿಂಗಳು ಮುಂಚೆ ಜಾನೈಸರ್ ತೀರಿಕೊಂಡರು.

ಅತಿಥಿ ಎಂಬ ಮಾತು ಇಂಪಾಗಿದೆ. ಆದರೆ ಆತಿಥೇಯರು ಯಾರು ಎಂದು ಕೇಳಬೇಕಾಗುತ್ತದೆ. ಹೀಲಾ ನದಿಯ ನೆತ್ತಿಯ ಪ್ರದೇಶ ಅಪಾಚೆ ಜನರ ನಾಡು. ಅವರಿಗೂ ಹಿಂದೆ, ಸುಮಾರು ಏಳು ನೂರು ವರ್ಷಗಳ ಕೆಳಗೆ, ಮೊಗೊಯೋನ್ ಎಂದು ಇಂದು ಕರೆಯಲಾಗುವ ಜನ ಅಲ್ಲಿಯ ಬಂಡೆಗವಿಗಳಲ್ಲಿ ಕಟ್ಟಿದ ಮನೆಗಳನ್ನು ಈಗಲೂ ನೋಡಬಹುದು. ಅಪಾಚೆ ನಾಯಕ ಜೆರೊನಿಮೊ ೧೮೮೬ರಲ್ಲಿ ಸೈನ್ಯಕ್ಕೆ ಶರಣಾದ ಮೇಲೆ ಅವನನ್ನೂ ಅವನ ಜನರನ್ನೂ ಸೆರೆಯಾಳುಗಳಾಗಿ ದೂರದ ಫ್ಲಾರಿಡಕ್ಕೆ ಸಾಗಿಸಿದರು. ಅದಾಗಿ ೩೮ ವರ್ಷಕ್ಕೆ ಅದೇ ಸೀಮೆಯಲ್ಲಿ 'ಮನುಷ್ಯರು ಉಳಿಯದ ಕಾಡು' ಹುಟ್ಟಿತು. ನಿರ್ಜನವೆಂದು ನಾವು ಮೆಚ್ಚುವ ಎಷ್ಟೋ ಕಾಡುಗಳು ನಿರ್ಜನವಾಗಿ ಹುಟ್ಟಿದವಲ್ಲ. ಅವುಗಳನ್ನು ನಿರ್ಜನವನ್ನಾಗಿ ಮಾಡಲಾಯಿತು. ಚದುರಿದ ಬೀಡಿನಲ್ಲಿ ಸುಖವಾಗಿ ಮಲಗುವವನು ಈ ಸತ್ಯವನ್ನೂ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳಬೇಕು. ಅಪಾಚೆಗಳೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಡು ಬದಲಿಸುತ್ತ ಬಾಳಿದವರೇ.

ನಮ್ಮ ಸಾಹಿತ್ಯದಲ್ಲಿ ಕಾಡಿನ ವಾಸಕ್ಕೆ ಕೊರತೆಯಿಲ್ಲ. ಪಂಪನಲ್ಲಿಯೂ ಕುಮಾರವ್ಯಾಸನಲ್ಲಿಯೂ ಪಾಂಡವರು ವರ್ಷಗಟ್ಟಲೆ ಕಾಡಿನಲ್ಲಿ ಬೀಡು ಬಿಟ್ಟವರು. ಆದರೆ ಅದು ಸೋತವರ ವನವಾಸ. ಋಷಿಗಳದು ಬಿಟ್ಟವರ ವನವಾಸ. ಊರಿನಲ್ಲಿ ಸುಖವಾಗಿದ್ದವನು ಎರಡು ದಿನ ಸುಮ್ಮನೆ ಕಾಡಿನಲ್ಲಿ ಮಲಗಿ ಬರುವುದು ನಮಗೆ ಹೊಸದು. ಹಾಗಿದ್ದರೂ ಈ ಪದ್ಧತಿಯ ಒಳತಿರುಳು ನಮಗೆ ಹೊಸದಲ್ಲ. ಮಹಾವೀರನು ಮಳೆಗಾಲವೊಂದುಳಿದು, ಹಳ್ಳಿಯಲ್ಲಿ ಒಂದೇ ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿ ಮಾತ್ರ ತಂಗುತ್ತಿದ್ದನೆಂದು ಕಲ್ಪಸೂತ್ರ ತಿಳಿಸುತ್ತದೆ. ಸ್ಥಾವರಕ್ಕಿಂತ ಜಂಗಮವನ್ನು ಮೇಲೆಂದು ಬಗೆದ ಶರಣರ ನಾಡು ನಮ್ಮದು. ಇಂದಿಗೂ ಉತ್ತರ ಕರ್ನಾಟಕದ ಕುರಿಗಾರರು ಮಂದೆಯೊಡನೆ ಊರೂರು ಸುತ್ತುತ್ತ, ಕುಯಿಲಾದ ಹೊಲಗಳಲ್ಲಿ ಇರುಳು ತಂಗುತ್ತಾರೆ. ಅವರು ಎದ್ದು ಹೋದ ಮೇಲೆ ಹೊಲದಲ್ಲಿ ಉಳಿಯುವುದು ಗೊಬ್ಬರ. ಅದಕ್ಕಾಗಿ ರೈತ ಅವರಿಗೆ ಕಾಳು ಕೊಡುತ್ತಾನೆ. ಹೊಲದ ಬೀಡು ಸಾರವನ್ನು ಉಳಿಸಿ ಹೋಗಬೇಕು, ಕಾಡಿನ ಬೀಡು ಏನನ್ನೂ ಉಳಿಸದೆ ಹೋಗಬೇಕು. ಎರಡರಲ್ಲಿಯೂ ಅಳತೆಗೋಲು ಒಂದೇ: ಬಿಟ್ಟು ಹೋದ ನೆಲ ಹೇಗಿದೆ ಎಂಬುದು.

ಹಾಗಾದರೆ ಈ ಪದ್ಧತಿಯನ್ನು ನಮ್ಮ ಕಾಡುಗಳಿಗೆ ತರಬಹುದೆ ಎಂದು ನೀವು ಕೇಳಬಹುದು. ಇದ್ದಂತೆಯೇ ತರಲಾಗದು ಎಂಬುದು ನನ್ನ ಅಭಿಪ್ರಾಯ. ನ್ಯೂ ಮೆಕ್ಸಿಕೊದಲ್ಲಿ ಒಂದು ಚದರ ಕಿಲೋಮೀಟರಿಗೆ ಏಳು ಜನರೂ ಇಲ್ಲ; ೨೦೧೧ರ ಗಣತಿಯಂತೆ ಕರ್ನಾಟಕದಲ್ಲಿ ೩೧೯ ಜನ. ನಮ್ಮ ಕಾಡುಗಳಲ್ಲಿ ಆನೆಗಳೂ ಹುಲಿಗಳೂ ಇವೆ. ಸೋಲಿಗರಂಥ ಜನರ ಬಾಳೂ ಇದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಅಭಯಾರಣ್ಯಗಳಿಗೆ ಅನುಮತಿಯಿಲ್ಲದೆ ಕಾಲಿಡುವುದನ್ನೇ ನಿಷೇಧಿಸಿರುವುದು ಸರಿಯಾಗಿಯೇ ಇದೆ. ೨೦೨೪ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಕಿಕ್ಕಿರಿದಾಗ ಅರಣ್ಯ ಇಲಾಖೆ ಅಲ್ಲಿಯ ಚಾರಣವನ್ನೇ ಕೆಲಕಾಲ ತಡೆಯಬೇಕಾಯಿತು. ತರಬಹುದಾದುದು ಕಾಡಿನಲ್ಲಿ ಮಲಗುವ ಹಕ್ಕನ್ನಲ್ಲ. ಎದ್ದ ಮೇಲೆ ಹಿಂದಿರುಗಿ ನೆಲವನ್ನು ನೋಡುವ ಅಭ್ಯಾಸವನ್ನು. ಅದಕ್ಕೆ ಕಾಡೇ ಬೇಕೆಂದಿಲ್ಲ. ಜಾತ್ರೆ ಮುಗಿದ ಬಯಲಿಗೂ, ಊಟ ಮುಗಿಸಿದ ಹೊಳೆಯ ದಂಡೆಗೂ, ರೈಲು ಡಬ್ಬಿಗೂ ಅದು ಸಲ್ಲುತ್ತದೆ.

ಅಮೆರಿಕದಲ್ಲಿಯೂ ಈ ಸ್ವಾತಂತ್ರ್ಯ ಶಾಶ್ವತವೇನಲ್ಲ. ಕೊಲರಾಡೋ ರಾಜ್ಯದ ಕ್ರೆಸ್ಟೆಡ್ ಬ್ಯೂಟ್ ಎಂಬ ಊರಿನ ಸುತ್ತಣ ಕಣಿವೆಗಳಲ್ಲಿ ಜನ ಮಿತಿಮೀರಿ ಬಂದು ಹುಲ್ಲುಗಾವಲುಗಳನ್ನು ತುಳಿದು ಹೊಲಸು ಮಾಡಿದ್ದರಿಂದ, ೨೦೨೧ರಲ್ಲಿ ಅಲ್ಲಿ ತೋರಿದಲ್ಲಿ ಮಲಗುವ ಅವಕಾಶ ನಿಂತುಹೋಯಿತು. ಗುರುತುಹಾಕಿದ ಜಾಗಗಳಲ್ಲಷ್ಟೇ ತಂಗಬೇಕು ಎಂದಾಯಿತು. ಮೈನೆಕೆಯ ಬಂಡೆಗಲ್ಲುಗಳು ಹೀಗೆ ಒಂದೊಂದೇ ಕಣಿವೆಯನ್ನು ಹೊಕ್ಕುತ್ತಿವೆ. ಅದನ್ನು ಸರಕಾರದ ದಬ್ಬಾಳಿಕೆಯೆಂದು ಹೇಳಲಾರೆ. ಯಾರೂ ನೋಡದಿರುವಾಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರ ಮೇಲೆ ನಿಂತ ಸ್ವಾತಂತ್ರ್ಯ ಇದು. ಕಾವಲುಗಾರನಿಲ್ಲದ ಕಾಡಿನಲ್ಲಿ ಒಬ್ಬನು ಬಿಟ್ಟ ಕಸ ಅವನ ಕಣ್ಣಿಗೆ ಕಸ ಮಾತ್ರ. ನಾಳೆ ಬರುವವನ ಪಾಲಿಗೆ ಅದು ಮುಚ್ಚಿದ ಬಾಗಿಲು. ನಾಳೆ ಬರುವವನನ್ನು ನಾವು ಎಂದೂ ನೋಡುವುದಿಲ್ಲ, ಅವನ ಹೆಸರೂ ತಿಳಿಯದು. ಅಂಥವನಿಗಾಗಿ ಬೂದಿಯನ್ನು ಆರಿಸಿ, ಎಲೆ ಹರಡಿ ಹೋಗುವುದು ಸಣ್ಣ ಸಂಸ್ಕಾರವಲ್ಲ. ಕನ್ನಡದಲ್ಲಿ 'ಬೀಡು ಬಿಟ್ಟರು' ಎಂದರೆ ತಂಗಿದರು ಎಂದರ್ಥ. ತಂಗುವುದನ್ನು ಹೇಳಲು ಬಿಡುವುದರ ಮಾತೇ ನಮಗೆ ಎರಡು ಸಲ ಬೇಕಾಯಿತು. ಆ ಮಾತನ್ನು ಬಳಸುವ ನಮಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಾರದು.